ಗಣಪನನ್ನು ಬಿಡುವಾಗ ಅಳು, ಪಟಾಕಿಗೆ ಮಂಚದ ಕೆಳಗೆ: ಪುಟ್ಟ ಮಕ್ಕಳಿರುವ ಮನೆಯಲ್ಲಿ ಹಬ್ಬ ಮಾಡುವುದು ಹೇಗೆ?

ಪ್ರಶ್ನೆ: ಡಾಕ್ಟ್ರೇ, ನಾವು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಮಗಳಿಗೆ ಮೂರೂವರೆ ವರ್ಷ, ಮಗನಿಗೆ ಎಂಟು ತಿಂಗಳು. ಹೋದ ವರ್ಷ ಗಣಪತಿ ಬಿಡುವಾಗ ಮಗಳು "ಗಣಪ ಸತ್ತೋದ್ನಾ?" ಅಂತ ಕೇಳಿ ಕೇಳಿ ಅತ್ತಳು. ಪೂಜೆಯ ಹೊತ್ತಿನಲ್ಲಿ ಒಂದು ನಿಮಿಷ ಕೂರಲಿಲ್ಲ. ನೈವೇದ್ಯಕ್ಕೆ ಮೊದಲೇ ಕಡುಬಿಗೆ ಕೈ ಹಾಕಿದಳು. ಅತ್ತೆಗೆ ಬೇಜಾರಾಗಿ "ಹೀಗೆಲ್ಲ ಮಾಡಿದ್ರೆ ದೇವರು ಕಣ್ಣು ಕೀಳ್ತಾನೆ" ಅಂದರು. ಈಗಲೂ ದೇವರ ಮನೆಗೆ ಒಬ್ಬಳೇ ಹೋಗಲ್ಲ. ದೀಪಾವಳಿಯಲ್ಲಿ ಪಟಾಕಿ ಸದ್ದಿಗೆ ಮಂಚದ ಕೆಳಗೆ ಸೇರಿಕೊಂಡಳು. ಕೈಗೆ ಸುರ್‌ಸುರ್ ಬತ್ತಿ ಕೊಟ್ಟರೆ ಹೆದರಿಕೆ ತಾನಾಗಿ ಹೋಗುತ್ತೆ ಅನ್ನುತ್ತಾರೆ ನಮ್ಮವರು. ದೀಪಾವಳಿಗೆ ತೀರ್ಥಹಳ್ಳಿ ಕಡೆಯ ಊರಿಗೆ ಬನ್ನಿ ಅನ್ನುತ್ತಾರೆ ಅತ್ತೆ. ನನಗೋ ಈ ವರ್ಷ ಹಬ್ಬವೇ ಬೇಡ ಅನ್ನಿಸಿದೆ. ಬಿಟ್ಟರೆ ಮಕ್ಕಳಿಗೆ ಸಂಸ್ಕಾರ ತಪ್ಪುತ್ತದೆಯೇ? ಚಿಕ್ಕವನಿಗೆ ಪಂಚಾಮೃತ, ಎಣ್ಣೆಸ್ನಾನ ಎಲ್ಲ ಮಾಡಿಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಮಗಳು ಹೇಳಿದ ಮಾತು ಕೇಳುತ್ತಿಲ್ಲ ಅನ್ನುವುದು ಒಂದು. ಅವಳು ಹೆದರುತ್ತಾಳೆ ಅನ್ನುವುದು ಇನ್ನೊಂದು. ಚಿಕ್ಕವನಿಗೆ ಏನಾದರೂ ಆದರೆ ಅನ್ನುವುದು ಮೂರನೆಯದು. ಮೊದಲನೆಯದು ಚಿಂತೆಯೇ ಅಲ್ಲ. ಎರಡನೆಯದಕ್ಕೆ ದಾರಿ ಇದೆ. ಮೂರನೆಯದನ್ನು ನೀವು ಪತ್ರದ ಕೊನೇ ಸಾಲಿನಲ್ಲಿ ಕೇಳಿದ್ದೀರಿ. ನಾನಾಗಿದ್ದರೆ ಅದನ್ನೇ ಮೊದಲು ಕೇಳುತ್ತಿದ್ದೆ. ಹಬ್ಬದ ದಿನಗಳಲ್ಲಿ ನಮ್ಮ ಕ್ಲಿನಿಕ್ಕಿಗೆ ಓಡಿ ಬರುವವರು ಪೂಜೆಗೆ ಕೂರದ ಮಕ್ಕಳನ್ನು ಕರೆತರುವುದಿಲ್ಲ. ಕರ್ಪೂರ ನುಂಗಿದ, ಕಾಸು ನುಂಗಿದ, ಕಾಲು ಸುಟ್ಟುಕೊಂಡ ಮಕ್ಕಳನ್ನು ಕರೆತರುತ್ತಾರೆ.

ಕೂರುವ ಮಾತು ಬೇಗ ಮುಗಿಸೋಣ. ಮೂರೂವರೆ ವರ್ಷದ ಮಗು ತನಗೆ ಅರ್ಥವಾಗದ ಕೆಲಸದ ಮುಂದೆ ಕೈಕಟ್ಟಿ ಕೂರುವುದು ಕೆಲವು ನಿಮಿಷ ಅಷ್ಟೇ. ಗಣಪತಿ ಪೂಜೆ ವಿಧಿವತ್ತಾಗಿ ನಡೆದರೆ ಒಂದು ಗಂಟೆ ದಾಟುತ್ತದೆ. ಅಲ್ಲಿ ಕೂರದೇ ಇರುವುದು ಆ ವಯಸ್ಸಿನ ಲಕ್ಷಣ, ಭಕ್ತಿ ಕಡಿಮೆ ಅಂತಲ್ಲ. ಈ ವಯಸ್ಸಿನವರಿಗೆ ಹಬ್ಬ ತಲೆಗೆ ಹೋಗುವುದು ಕೈಯಿಂದ, ಮೂಗಿನಿಂದ, ನಾಲಿಗೆಯಿಂದ. ಗರಿಕೆ ಆರಿಸುವುದು, ಎಲೆಯ ಮೇಲೆ ಹೂವು ಜೋಡಿಸುವುದು, ಮಂಗಳಾರತಿಗೆ ಗಂಟೆ ಬಾರಿಸುವುದು, ಇಷ್ಟು ಅವಳ ಪಾಲಿನ ಪೂಜೆ. ಗಂಟೆ ಅವಳದ್ದೇ ಅಂತ ಮೊದಲೇ ಹೇಳಿಬಿಡಿ. ಅದಕ್ಕಾಗಿ ಕಾದಿರುತ್ತಾಳೆ. ಉಳಿದ ಹೊತ್ತು ಬಾಗಿಲಾಚೆ ಓಡಾಡಿಕೊಂಡಿರಲಿ. ಮಂತ್ರ ಕಿವಿಗೆ ಬೀಳುತ್ತಲೇ ಇರುತ್ತದೆ.

ಕಡುಬಿನ ವಿಷಯ. ನಿಮ್ಮತ್ತೆಯವರ ಬೇಜಾರು ಸುಳ್ಳಲ್ಲ. ಬೆಳಗಿನಿಂದ ಮಡಿಯಲ್ಲಿ ನಿಂತು ಮಾಡಿದ ನೈವೇದ್ಯ ಎಂಜಲಾದರೆ ಯಾರಿಗಾದರೂ ಸಂಕಟವಾಗುತ್ತದೆ. ಆದರೆ ಹಸಿದ ಮಗುವಿನ ಎದುರು ಬಿಸಿ ಕಡುಬು ಇಟ್ಟು "ಮುಟ್ಟಬೇಡ" ಅನ್ನುವುದೂ ನ್ಯಾಯವಲ್ಲ, ಅಲ್ವಾ? ಹಿಟ್ಟು ನಾದುವಾಗಲೇ ಅವಳಿಗೊಂದು ಉಂಡೆ ಕೊಡಿ. ಸೊಟ್ಟಗೋ ಪಟ್ಟಗೋ ಅವಳೇ ಒತ್ತಿದ ಕಡುಬನ್ನು ಬೇರೆ ತಟ್ಟೆಯಲ್ಲಿ ಬೇಯಿಸಿಡಿ. ಪೂಜೆಗೆ ಮೊದಲು ಹೊಟ್ಟೆ ತುಂಬ ತಿಂಡಿ ಕೊಡಿ. ದೇವರ ಪಾಲು ಎತ್ತರದಲ್ಲಿರಲಿ. ಕೃಷ್ಣಾಷ್ಟಮಿಗೆ ಬಾಗಿಲಿಂದ ದೇವರ ಮನೆವರೆಗೆ ಪುಟ್ಟ ಹೆಜ್ಜೆ ಬರೆದು, ಬೆಣ್ಣೆ ಕದ್ದವನ ಕಥೆ ಹೇಳಿ ನಗುವವರೂ ನಾವೇ. ಅತ್ತೆಯವರ ಹತ್ತಿರ ಈ ಮಾತು ವಾದವಾಗಿ ಬೇಡ, ಕೆಲಸವಾಗಿ ಹೋಗಲಿ: "ಅತ್ತೆ, ಈ ಸಲ ಕಡುಬು ಮಾಡೋದು ನೀವೇ ಅವಳಿಗೆ ಕಲಿಸಿಕೊಡಿ" ಅಂದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

"ಕಣ್ಣು ಕೀಳ್ತಾನೆ" ಅನ್ನುವ ಮಾತನ್ನು ಮಾತ್ರ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ದೊಡ್ಡವರು ಅದನ್ನು ಬಾಯಿಮಾತಿಗೆ ಹೇಳಿ ಮರೆತುಬಿಡುತ್ತಾರೆ. ಈ ವಯಸ್ಸಿನ ಮಗು ಮಾತನ್ನು ಇದ್ದದ್ದು ಇದ್ದ ಹಾಗೆಯೇ ನಂಬುತ್ತದೆ. ಸುತ್ತ ಏನೇ ಆದರೂ ಅದಕ್ಕೆ ತಾನೇ ಕಾರಣ ಅಂದುಕೊಳ್ಳುತ್ತದೆ. ನಾನು ಕಡುಬು ಮುಟ್ಟಿದೆ, ಮರುದಿನ ಅಮ್ಮನಿಗೆ ಜ್ವರ ಬಂತು, ಹಾಗಾದರೆ ನನ್ನಿಂದಲೇ ಬಂದಿದ್ದು. ಇದು ಅವಳ ಲೆಕ್ಕ. ಅವಳು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ದೇವರ ಮನೆಗೆ ಹೋಗುವುದನ್ನು ನಿಲ್ಲಿಸುತ್ತಾಳೆ, ಅಷ್ಟೇ. ಇದನ್ನು ಬಿಡಿಸಲು ಆ ಮಾತು ಆಡಿದವರೇ ಬೇಕು. ಅಜ್ಜಿಯೇ ತೊಡೆ ಮೇಲೆ ಕೂರಿಸಿಕೊಂಡು "ನಾನು ಸಿಟ್ಟಲ್ಲಿ ಹಂಗಂದೆ ಪುಟ್ಟಿ, ದೇವರು ಹಂಗೆಲ್ಲ ಮಾಡಲ್ಲ" ಅನ್ನಬೇಕು. ಸಂಜೆ ದೀಪ ಹಚ್ಚುವಾಗ ಅಜ್ಜಿಯ ಕೈ ಹಿಡಿದೇ ಒಳಗೆ ಹೋಗಲಿ. ಕೆಲವು ವಾರ ಹಿಡಿಯಬಹುದು. ಬಲವಂತ ಬೇಡ.

ಚೌತಿಯ ಚಂದ್ರನ ಕಥೆಯೂ ಹೀಗೆಯೇ. ನೋಡಬಾರದು ಅಂದರೆ ಮಗು ನೋಡುತ್ತದೆ, ಆಮೇಲೆ ಹೆದರುತ್ತದೆ. ಅದಕ್ಕೆ ಪರಿಹಾರವನ್ನು ಹಿರಿಯರೇ ಇಟ್ಟಿದ್ದಾರೆ: ಶ್ಯಮಂತಕ ಮಣಿಯ ಕಥೆ ಕೇಳಿದರೆ ದೋಷ ಹೋಗುತ್ತದೆ. ಸಿಂಹ, ಕರಡಿ, ಗುಹೆ ಎಲ್ಲ ಇರುವ ಕಥೆ. ಹೆದರಿಕೆಯ ಜಾಗದಲ್ಲಿ ಒಳ್ಳೆ ಕಥೆಯೊಂದು ಸಿಗುತ್ತದೆ.

ಗಣಪತಿ ಬಿಡುವಾಗ ಅತ್ತಿದ್ದಕ್ಕೆ ನನಗಂತೂ ಅವಳ ಮೇಲೆ ಪ್ರೀತಿಯೇ ಬಂತು. ಒಂದು ದಿನ ಮನೆಯವನಾಗಿದ್ದವನನ್ನು ನೀರಿಗೆ ಹಾಕಿ ಎಲ್ಲರೂ ಕೇಕೆ ಹಾಕಿದರೆ ಮಗು ಏನಂದುಕೊಳ್ಳಬೇಕು? ಈ ವಯಸ್ಸಿಗೆ ಸಾವು, ಹೋಗಿ ಬರುವುದು, ಮುಳುಗುವುದು ಎಲ್ಲ ಒಂದೇ. "ಗಣಪ ನಿದ್ದೆ ಮಾಡ್ತಿದ್ದಾನೆ" ಅಂತ ಸಮಾಧಾನ ಹೇಳಬೇಡಿ. ಆಮೇಲೆ ಮಲಗುವುದಕ್ಕೇ ಹೆದರುವ ಮಕ್ಕಳಿದ್ದಾರೆ. ಮಗುವಿಗೆ ಅರ್ಥವಾಗುವ ಕಥೆ ನಮ್ಮ ಹಬ್ಬದಲ್ಲೇ ಇದೆ. ಗೌರಿ ತವರಿಗೆ ಬಂದಳು. ಮರುದಿನ ಮಗ ಅಮ್ಮನನ್ನು ಕರೆದುಕೊಂಡು ಹೋಗಲು ಬಂದ. ಇಬ್ಬರೂ ತಮ್ಮ ಮನೆಗೆ ಹೊರಟರು, ಮುಂದಿನ ವರ್ಷ ಮತ್ತೆ ಬರುತ್ತಾರೆ. ಅಜ್ಜಿ ಮನೆಗೆ ಹೋಗಿ ಬರುವ ಮಗುವಿಗೆ ಇದು ಚೆನ್ನಾಗಿ ತಿಳಿಯುತ್ತದೆ. ಆದರೆ ಈ ಕಥೆಯನ್ನು ಗಣಪನನ್ನು ತರುವ ದಿನವೇ ಹೇಳಬೇಕು, ಬಿಡುವ ಹೊತ್ತಿಗಲ್ಲ.

ಜೊತೆಗೆ ಬಣ್ಣ ಬಳಿಯದ ಪುಟ್ಟ ಮಣ್ಣಿನ ಗಣಪನನ್ನೇ ತನ್ನಿ. ಮನೆಯ ಬಕೆಟ್ಟಿನಲ್ಲೇ ಬಿಡಿ. ನಿಧಾನಕ್ಕೆ ಕರಗುವುದನ್ನು ಅವಳೇ ನೋಡಲಿ, ಕೈಹಾಕಿ ಮಣ್ಣು ಮುಟ್ಟಲಿ. ಆ ಮಣ್ಣನ್ನು ಕುಂಡಕ್ಕೆ ಹಾಕಿ ನಾಲ್ಕು ಮೆಂತ್ಯದ ಕಾಳು ಉದುರಿಸಿದರೆ ಒಂದು ವಾರದೊಳಗೆ ಮೊಳಕೆ ಕಾಣುತ್ತದೆ. ಪಿಒಪಿ ಮೂರ್ತಿ ಕರಗುವುದಿಲ್ಲ. ಕೆರೆ ದಂಡೆಯಲ್ಲಿ ಕೈಮುರಿದ ಗಣಪನನ್ನು ಮಗು ನೋಡಿದರೆ ಈ ಕಥೆಯೆಲ್ಲ ನೀರುಪಾಲು. ಒಂದು ಎಚ್ಚರಿಕೆ: ನಿಮ್ಮ ಮಗ ಅಂಬೆಗಾಲಿಡುವ ವಯಸ್ಸಿನವನು. ಅರ್ಧ ಬಕೆಟ್ ನೀರಿನಲ್ಲೂ ಕೂಸು ಮುಳುಗುತ್ತದೆ, ಅದೂ ಸದ್ದಿಲ್ಲದೆ. ಗಣಪ ಕರಗುವವರೆಗೆ ಬಕೆಟ್ ಬಾಲ್ಕನಿಯಲ್ಲಿರಲಿ, ಬಾಲ್ಕನಿಗೆ ಚಿಲಕ ಹಾಕಿರಲಿ.

ಪಟಾಕಿಗೆ ಬರೋಣ. ನಿಮ್ಮವರ ಮಾತಿನಲ್ಲಿ ಅರ್ಧ ನಿಜವಿದೆ. ಹೆದರುವ ವಸ್ತುವಿಗೆ ಒಗ್ಗಿಕೊಂಡರೆ ಹೆದರಿಕೆ ಕಡಿಮೆಯಾಗುತ್ತದೆ. ಆದರೆ ಒಗ್ಗುವುದು ಸ್ವಲ್ಪ ಸ್ವಲ್ಪವಾಗಿ ಆಗಬೇಕು, ಸಾಕು ಅಂದಾಗ ನಿಲ್ಲಿಸುವ ಅಧಿಕಾರ ಮಗುವಿನ ಕೈಯಲ್ಲಿರಬೇಕು. ಅಳುವ ಮಗುವನ್ನು ಎತ್ತಿಕೊಂಡು ಹೋಗಿ ಲಕ್ಷ್ಮಿ ಪಟಾಕಿ ಪಕ್ಕ ನಿಲ್ಲಿಸಿದರೆ ಹೆದರಿಕೆ ಇನ್ನೂ ಗಟ್ಟಿಯಾಗುತ್ತದೆ. ಅಪ್ಪನ ಮೇಲಿನ ನಂಬಿಕೆಗೂ ಪೆಟ್ಟು.

ದೊಡ್ಡ ಸದ್ದಿಗೆ ಬೆಚ್ಚುವುದು ಈ ವಯಸ್ಸಿನಲ್ಲಿ ತೀರಾ ಸಾಮಾನ್ಯ. ಮುಂದಿನ ಸದ್ದು ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದಿರುವುದೇ ಅವಳನ್ನು ಜಾಸ್ತಿ ಕಾಡುವುದು. ಅಪಾರ್ಟ್‌ಮೆಂಟಿನಲ್ಲಿ ಎರಡು ಬ್ಲಾಕುಗಳ ನಡುವೆ ಹೊಡೆದ ಪಟಾಕಿ ಗೋಡೆಯಿಂದ ಗೋಡೆಗೆ ಬಡಿದು ಮತ್ತಷ್ಟು ಜೋರಾಗಿ ಕೇಳುತ್ತದೆ. 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ದಾಟುವ ಪಟಾಕಿಯನ್ನು ನಮ್ಮ ನಿಯಮಗಳು ನಿಷೇಧಿಸಿವೆ. ಆ ಮಿತಿಯೊಳಗಿನ ಸದ್ದೂ ಎಳೆಯ ಕಿವಿಗೆ ಜಾಸ್ತಿಯೇ. ಹಾಗಾಗಿ ಅವಳು ಮಂಚದ ಕೆಳಗೆ ಹೋಗಿದ್ದು ಹೇಡಿತನವಲ್ಲ.

ಹಬ್ಬಕ್ಕೆ ಎರಡು ಮೂರು ವಾರ ಇರುವಾಗಲೇ ಫೋನಿನಲ್ಲಿ ಪಟಾಕಿ ಸದ್ದನ್ನು ತೀರಾ ಸಣ್ಣಗೆ ಹಾಕಿ. ಸದ್ದು ಏರಿಸುವ ಇಳಿಸುವ ಬಟನ್ ಅವಳ ಬೆರಳಲ್ಲಿರಲಿ. ಇನ್ನೊಂದು ದಿನ ಪೇಪರ್ ಕವರ್ ಊದಿ ಒಡೆಯುವ ಆಟ, ಮೊದಲು ನೀವು, ಆಮೇಲೆ ಅವಳು. ಮುಖ ಸಣ್ಣದಾದರೆ ಅವತ್ತಿಗೆ ಸಾಕು. ಹಬ್ಬದ ದಿನ ಏನಾಗುತ್ತದೆ ಅಂತ ಬೆಳಿಗ್ಗೆಯೇ ಹೇಳಿ. ಪಟಾಕಿಗೆ ರಾತ್ರಿ 8ರಿಂದ 10ರವರೆಗೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೊತ್ತು ನಿಗದಿ ಮಾಡಿತ್ತು. ನಿಮ್ಮ ಅಕ್ಕಪಕ್ಕದವರು ಅದನ್ನು ಎಷ್ಟು ಪಾಲಿಸುತ್ತಾರೋ ನೋಡಿಕೊಳ್ಳಿ. ಆ ಹೊತ್ತಿಗೆ ಊಟ ಮುಗಿದಿರಲಿ. ಕಿಟಕಿ ಕಡಿಮೆ ಇರುವ ಒಳಕೋಣೆ, ಜೋರಾಗಿ ತಿರುಗುವ ಫ್ಯಾನು, ಒಂದು ಕಥೆ. ಕಿವಿ ಪೂರ್ತಿ ಮುಚ್ಚುವ ಮಕ್ಕಳ ಇಯರ್‌ಮಫ್ ಸಿಗುತ್ತದೆ, ತೆಗೆದುಕೊಳ್ಳಿ. ಹತ್ತಿ ತುರುಕಬೇಡಿ. ಅದು ಸದ್ದನ್ನು ಅಷ್ಟಾಗಿ ತಡೆಯುವುದಿಲ್ಲ, ಕಿವಿಯೊಳಗೆ ಸಿಕ್ಕಿಕೊಳ್ಳುವುದೊಂದು ಉಳಿಯುತ್ತದೆ.

ಸುರ್‌ಸುರ್ ಬತ್ತಿಯ ವಿಷಯದಲ್ಲಿ ನಿಮ್ಮವರಿಗೆ ನಾನು ನೇರವಾಗಿ ಬೇಡ ಅನ್ನುತ್ತೇನೆ. ಸದ್ದಿಲ್ಲ ಅಂತ ಎಲ್ಲರೂ ಅದನ್ನೇ ಮೊದಲು ಮಕ್ಕಳ ಕೈಗೆ ಕೊಡುತ್ತಾರೆ. ಅದರ ತುದಿಯ ಬಿಸಿ 1000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮೂರೂವರೆ ವರ್ಷದವಳ ತೋಳಿನಷ್ಟೇ ದೂರದಲ್ಲಿ ಅವಳ ಮುಖ, ಜರಿ ಲಂಗ ಎರಡೂ ಇರುತ್ತವೆ. ಇನ್ನು ಆರಿದ ತಂತಿ. ಕಪ್ಪಗೆ, ತಣ್ಣಗಿದ್ದಂತೆ ಕಾಣುತ್ತದೆ. ಬರಿಗಾಲಲ್ಲಿ ಓಡಿ ಬಂದವರು ಅದನ್ನೇ ತುಳಿಯುತ್ತಾರೆ. ದೊಡ್ಡವರು ಹಚ್ಚುವುದಾದರೂ ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟು ಉರಿದ ಕಡ್ಡಿ ಅದರೊಳಗೇ ಹಾಕಲಿ.

ಸುಟ್ಟರೆ ನಲ್ಲಿಯ ಹರಿಯುವ ನೀರಿಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟು, ಅರಿಶಿನ, ತುಪ್ಪ, ಐಸು ಯಾವುದೂ ಬೇಡ. ಕಣ್ಣಿಗೆ ಪೆಟ್ಟಾದರೆ ಉಜ್ಜಬೇಡಿ, ಒತ್ತಬೇಡಿ, ನೇರ ಕಣ್ಣಿನ ಆಸ್ಪತ್ರೆಗೆ ಹೋಗಿ. ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ ಪ್ರತಿ ದೀಪಾವಳಿಯಲ್ಲೂ ಇಂಥ ಮಕ್ಕಳು ಬರುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಪಟಾಕಿ ಹಚ್ಚಿದವರಲ್ಲ, ಸುಮ್ನೆ ನಿಂತು ನೋಡುತ್ತಿದ್ದವರು.

ಈಗ ಚಿಕ್ಕವನು. ಪಂಚಾಮೃತದಲ್ಲಿ ಜೇನುತುಪ್ಪ ಇರುತ್ತದೆ. ಒಂದು ವರ್ಷ ತುಂಬುವವರೆಗೆ ಜೇನು ಬೇಡ, ಬೆರಳಿನ ತುದಿಯಷ್ಟೂ ಬೇಡ. ಜೇನಿನಲ್ಲಿ ಬೊಟುಲಿನಮ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳಿಗೆ ಅದು ಲೆಕ್ಕಕ್ಕಿಲ್ಲ. ಕೂಸಿನ ಕರುಳಲ್ಲಿ ಅವು ಮೊಳೆತು ವಿಷ ಮಾಡಿದರೆ ಮೈಯ ಸ್ನಾಯುಗಳೇ ಸಡಿಲವಾಗುತ್ತವೆ. ಅಪರೂಪದ ಕಾಯಿಲೆ, ಆದರೆ ಗಂಭೀರ. ಜೇನು ಬೆರೆಸುವ ಮೊದಲೇ ಒಂದು ಚಮಚ ಮೊಸರು ತೆಗೆದಿಟ್ಟು ಅವನ ನಾಲಿಗೆಗೆ ತಾಗಿಸಿ, ಶಾಸ್ತ್ರವೂ ಆಯಿತು. ಈಗಾಗಲೇ ಯಾರಾದರೂ ನೆಕ್ಕಿಸಿದ್ದರೆ ಗಾಬರಿ ಬೇಡ. ಮುಂದಿನ ದಿನಗಳಲ್ಲಿ ಮಲ ಕಟ್ಟುವುದು, ಅಳುವಿನ ದನಿ ಕುಗ್ಗುವುದು, ಹಾಲು ಎಳೆಯಲು ಆಗದಿರುವುದು ಕಂಡರೆ ತಕ್ಷಣ ತೋರಿಸಿ.

ಎಣ್ಣೆಸ್ನಾನ ಮಾಡಿಸಿ, ಖುಷಿಯಾಗಿ ಮಾಡಿಸಿ. ಮೈಗೆ ಎಣ್ಣೆ ತೀಡುವುದರಲ್ಲಿ ತಪ್ಪಿಲ್ಲ. ಆದರೆ ಕಿವಿಗೆ, ಮೂಗಿಗೆ ಎಣ್ಣೆ ಬಿಡುವ ರೂಢಿ ನಿಲ್ಲಲೇಬೇಕು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದು ಒಂದು ಬಗೆಯ ನ್ಯುಮೋನಿಯಾ ತರುತ್ತದೆ. ಸ್ನಾನದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುವುದೂ ಬೇಡ. ನರಕ ಚತುರ್ದಶಿಗೆ ಬೆಳಗಿನ ಜಾವವೇ ಎಬ್ಬಿಸಬೇಕೇ? ಮಗಳ ವಯಸ್ಸಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಪಟಾಕಿಯಿಂದ ರಾತ್ರಿ ತಡವಾಗಿ ಮಲಗಿದವಳನ್ನು ನಾಲ್ಕೂವರೆಗೆ ಎಬ್ಬಿಸಿದರೆ ಅವತ್ತಿಡೀ ಹಟ, ಅಳು. ಅದನ್ನು "ಸಿಹಿ ಜಾಸ್ತಿ ತಿಂದು ಹೀಗಾಡ್ತಿದ್ದಾಳೆ" ಅನ್ನುವುದುಂಟು. ಸಕ್ಕರೆಯಿಂದ ಮಕ್ಕಳ ಚೇಷ್ಟೆ ಹೆಚ್ಚುವುದಿಲ್ಲ. 1995ರಲ್ಲೇ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿ ಇದನ್ನು ಕಂಡುಕೊಂಡರು. ಹಲ್ಲು ಹಾಳಾಗುವುದು, ಊಟ ಸೇರದಿರುವುದು ಬೇರೆ ವಿಷಯ.

ಇನ್ನು ನೀವು ಕೇಳದೇ ಇರುವ ಮೂರು ವಸ್ತುಗಳು. ಒಂದು, ಕರ್ಪೂರ. ಆರತಿ ತಟ್ಟೆಯ ಬಿಳಿ ಬಿಲ್ಲೆ ಮಕ್ಕಳ ಕಣ್ಣಿಗೆ ಪೆಪ್ಪರ್‌ಮಿಂಟು. ಒಂದೆರಡು ಬಿಲ್ಲೆ ನುಂಗಿದರೂ ಪುಟ್ಟ ಮಗುವಿಗೆ ಫಿಟ್ಸ್ ಬರಬಹುದು, ಅದೂ ನಿಮಿಷಗಳಲ್ಲಿ. ವಾಂತಿ ಮಾಡಿಸಲು ಹೋಗಬೇಡಿ, ಡಬ್ಬಿ ಸಮೇತ ಆಸ್ಪತ್ರೆಗೆ ಓಡಿ. ಎರಡು, ಎಣ್ಣೆ ಬೇಡದ ಪ್ಲಾಸ್ಟಿಕ್ ದೀಪಗಳು. ಸುರಕ್ಷಿತ ಅಂತ ತರುತ್ತೀರಿ. ಅದರೊಳಗೆ ಗುಂಡಿಯಂಥ ಬ್ಯಾಟರಿ ಇರುತ್ತದೆ. ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯಲ್ಲೇ ಒಳಗೆ ಸುಡಲು ಶುರುವಾಗುತ್ತದೆ. ನುಂಗಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ಎಕ್ಸ್‌ರೇ ಆಗಲೇಬೇಕು. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ದೀಪ ಕೊಳ್ಳಲೇಬೇಡಿ. ಮೂರು, ಲಕ್ಷ್ಮೀ ಪೂಜೆಯ ಕಾಸು. ಸಂಕ್ರಾಂತಿಯಲ್ಲಿ ಮಕ್ಕಳ ತಲೆ ಮೇಲೆ ಎಲಚಿ ಹಣ್ಣು, ಕಬ್ಬಿನ ಚೂರು, ಕಾಸು ಎರೆಯುವಾಗಲೂ ಇದೇ ಭಯ. ಎರೆದ ಕೂಡಲೇ ನೆಲ ಗುಡಿಸಬೇಕು, ಸುತ್ತ ನಿಂತ ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಮೊದಲೇ. ಎಳ್ಳು-ಬೆಲ್ಲದ ಕಡಲೆಬೀಜವನ್ನೂ ನಾಲ್ಕೈದು ವರ್ಷದವರೆಗೆ ಪುಡಿ ಮಾಡಿಯೇ ಕೊಡಿ. ಕ್ರಿಸ್‌ಮಸ್ಸಿಗೆ ಗೋದಲಿ ಕಟ್ಟುವ ಮನೆಗಳಿಗೂ ಇದೇ ಮಾತು, ಕುರಿಮರಿ ಗೊಂಬೆಗಳು ಬಾಯಿಗೆ ಸರಿಯಾಗಿ ಹೊಂದುವ ಅಳತೆಯವು.

ಹಬ್ಬ ಬಿಡಬೇಕೇ ಅಂದಿರಿ. ಒಂದು ವರ್ಷ ಬಿಟ್ಟರೆ ಮಕ್ಕಳಿಗೆ ಏನೂ ಆಗುವುದಿಲ್ಲ. ಆದರೆ ಬಿಟ್ಟರೆ ಅವಳ ಹೆದರಿಕೆ ಹಾಗೇ ಉಳಿಯುತ್ತದೆ, ಅತ್ತೆಯವರ ಬೇಜಾರೂ ಉಳಿಯುತ್ತದೆ. ಬೆಂಗಳೂರಿನಲ್ಲೇ ಚಿಕ್ಕದಾಗಿ ಮಾಡಿದರೆ ಎಲ್ಲ ನಿಮ್ಮ ಕೈಯಲ್ಲಿರುತ್ತದೆ. ಅಕ್ಕಪಕ್ಕದ ಪಟಾಕಿ ಒಂದು ಬಿಟ್ಟು.

ನನ್ನನ್ನು ಕೇಳಿದರೆ ಗಣಪತಿಯನ್ನು ಇಲ್ಲೇ ಮಾಡಿ, ದೀಪಾವಳಿಗೆ ಊರಿಗೆ ಹೋಗಿ. ಮಲೆನಾಡಿನ ದೀಪಾವಳಿಯಲ್ಲಿ ಸದ್ದಿಗಿಂತ ಕೆಲಸ ಜಾಸ್ತಿ. ನೀರು ತುಂಬುವ ಹಬ್ಬವಂತೂ ಅವಳ ವಯಸ್ಸಿನವರಿಗೆ ಹೇಳಿ ಮಾಡಿಸಿದ್ದು. ಹಂಡೆ ತೊಳೆದು, ಚಿತ್ತಾರ ಬರೆದು, ಬಳ್ಳಿ ಸುತ್ತಿದ ಮೇಲೆ ಒಂದು ಪುಟ್ಟ ಚೊಂಬು ಕೈಗೆ ಕೊಟ್ಟರೆ ಸಂಜೆವರೆಗೂ ನೀರು ಹೊರುತ್ತಾಳೆ. ಗೋಪೂಜೆಗೆ ದನಗಳ ಕೊರಳಿಗೆ ಹಾರ ಕಟ್ಟುವುದು ನೋಡುತ್ತಾಳೆ. ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡುತ್ತ ಬಂದರೆ ಅಜ್ಜಿಯ ಸೆರಗು ಹಿಡಿದು ಬಾಗಿಲಲ್ಲಿ ನಿಲ್ಲಲಿ.

ಅಲ್ಲಿಯ ಅಪಾಯಗಳು ಬೇರೆ. ಬಚ್ಚಲ ಒಲೆ, ಕುದಿಯುವ ಹಂಡೆ, ತೆರೆದ ಬಾವಿ, ಅಂಗಳದ ತುಂಬ ಹಚ್ಚಿಟ್ಟ ಹಣತೆ. ಮನೆ ತುಂಬ ಜನ ಇದ್ದಾಗಲೇ ಮಗು ಕಣ್ತಪ್ಪುವುದು, ಯಾಕೆಂದರೆ ಇನ್ಯಾರೋ ನೋಡುತ್ತಿದ್ದಾರೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಗಂಟೆಗೊಬ್ಬರಂತೆ ಹೆಸರು ಹೇಳಿ ಪಾಳಿ ಹಾಕಿ. ಮೊದಲ ಪಾಳಿ ಮಕ್ಕಳ ಅಪ್ಪನದ್ದೇ ಇರಲಿ. ಬಿಸಿನೀರಿಗೆ ನಿಮ್ಮ ಮೊಣಕೈ ಅದ್ದಿ ನೋಡಿಯೇ ಮಕ್ಕಳ ಮೈಗೆ ಹಾಕಿ.

ಹೊರಡುವ ಮೊದಲು ಒಂದು ಗಮನಿಸಿ. ಮಗಳು ಪಟಾಕಿಗೆ ಮಾತ್ರ ಹೆದರುತ್ತಾಳೋ, ದಿನವೂ ಮಿಕ್ಸಿ, ಕುಕ್ಕರ್ ಸೀಟಿ, ಫ್ಲಶ್ಶಿನ ಸದ್ದಿಗೂ ಕಿವಿ ಮುಚ್ಚಿ ಕಿರುಚುತ್ತಾಳೋ? ಎರಡನೆಯದಾಗಿದ್ದರೆ, ಅದರ ಜೊತೆಗೆ ಮಾತು ತಡವಾಗಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಬೇರೆ ಮಕ್ಕಳ ಜೊತೆ ಬೆರೆಯದಿದ್ದರೆ ಹಬ್ಬಕ್ಕೆ ಕಾಯಬೇಡಿ, ಮಕ್ಕಳ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ನೀವು ಬರೆದಿರುವುದನ್ನು ನೋಡಿದರೆ ಹಾಗೇನೂ ಕಾಣುವುದಿಲ್ಲ. ಗಣಪ ಎಲ್ಲಿಗೆ ಹೋದ ಅಂತ ಬಿಡದೆ ಕೇಳುವ ಮಗು ಅದು.